ಕಹಿಯಿಲ್ಲದ ನೀರು

ಕ್ಯಾನಿನೊಳಗೆ ಬೆರಳದ್ದಿ ನಾಲಿಗೆಗೆ ತಾಗಿಸಿಕೊಂಡ ದಸ್ತಗೀರಸಾಬ ಥೂ ಎಂದು ಉಗುಳಿದ. ಇನ್ನೊಮ್ಮೆ ಅದ್ದಿ ನೋಡಿದ. ಉಪ್ಪಿತ್ತು, ಬೇಕಾದಷ್ಟಿತ್ತು. ಸಮುದ್ರದ ನೀರಾದರೆ ಉಪ್ಪಿನ ಬೆನ್ನಿಗೆ ನಾಲಿಗೆಯ ಬುಡದಲ್ಲಿ ಕೂರಬೇಕಾದ ಸಣ್ಣ ಕಹಿ ಮಾತ್ರ ಇರಲಿಲ್ಲ.

"ಅಮಾತೆಪ್ಪಾ, ಇದು ಎಲ್ಲೀ ನೀರೋ?"

"ಎಲ್ಲೀದ್ರಿ ಸಾಬರ, ಕಾರವಾರ ಬಂದರದ್ದು," ಎಂದ ಲಾರಿ ಡ್ರೈವರ್ ಅಮಾತೆಪ್ಪ. ಅವನ ಕಣ್ಣು ಅಂಗಳದ ಬೇವಿನ ಮರದ ಮೇಲಿತ್ತು.

ಸುಳ್ಳು ಹೇಳಲು ಅವನು ತಪ್ಪು ಮನೆ ಹಿಡಿದಿದ್ದ. ಇಳಕಲ್ಲಿನ ಸೀರೆ ನೂಲಿಗೆ ಬಣ್ಣ ಹಾಕುತ್ತಲೇ ತಲೆ ನೆರೆಸಿಕೊಂಡವನು ದಸ್ತಗೀರಸಾಬ. ಬಣ್ಣದ ಹಂಡೆಗೆ ಉಪ್ಪೆಷ್ಟು ಬಿತ್ತೆಂದು ತಕ್ಕಡಿಗಿಂತ ಮೊದಲು ಅವನ ನಾಲಿಗೆ ಹೇಳುತ್ತಿತ್ತು.

ನೀರು ಬೇಕಿದ್ದದ್ದು ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಗೆ. ಅವನ ಹೆಂಡತಿ ರೋಷನಬಿ ಕಾರವಾರದ ಕಡಲ ದಂಡೆಯವಳು. ಆರು ವರ್ಷದ ಹಿಂದೆ ತಾಯಿಯ ಮಣ್ಣಿಗೆಂದು ಹೋದವಳು ಬರುವಾಗ ಬಂಡೆಯ ಒಂದು ಚೂರನ್ನು, ಅದಕ್ಕಂಟಿದ ಹಾವಸೆಯ ಸಮೇತ, ಹಾಲಿನ ಡಬ್ಬಿಯಲ್ಲಿ ತಂದಿದ್ದಳು. ಎಳೆ ದ್ರಾಕ್ಷಿ ಗೊಂಚಲಿನಂಥ ಹಸಿರು ಹಾವಸೆ. ಊರೆಲ್ಲ ನೀರಿನ ಹೌದಿನ ಹಾವಸೆ ತಿಕ್ಕಿ ತಿಕ್ಕಿ ತೆಗೆದರೆ ಸಾಬರ ಮನೆಯಲ್ಲಿ ಅದನ್ನು ಸಾಕುತ್ತಾರೆಂದು ಓಣಿಯವರು ನಕ್ಕರು. ನಕ್ಕರೆ ನಗಲಿ ಎಂದು ದಸ್ತಗೀರಸಾಬ ಕಿಟಕಿ ಗಾಜುಗಳನ್ನು ಜೋಡಿಸಿ ಪೆಟ್ಟಿಗೆ ಮಾಡಿಸಿಕೊಟ್ಟ. ಬಿಸಿಲಿಗೆ ನೀರಿಳಿದಾಗ ಅವಳು ಉಪ್ಪುನೀರು ಸುರಿಯಹೋದರೆ, "ಆರೂದು ನೀರ, ಉಪ್ಪಲ್ಲ. ಸಿಹಿ ನೀರ ಹಾಕು," ಎಂದು ಕಲಿಸಿದವನೂ ಅವನೇ. ಇಳಕಲ್ಲಿನ ಕೆಂಪು ಕಲ್ಲು ಹೇರಿಕೊಂಡು ಬಂದರಿಗೆ ಹೋಗುವ ಅಮಾತೆಪ್ಪ ತಿಂಗಳಿಗೊಂದು ಕ್ಯಾನು ಸಮುದ್ರದ ನೀರು ತಂದುಕೊಡುತ್ತಿದ್ದ. ಹಳೆಯ ನೀರಿನಲ್ಲಿ ಅಷ್ಟು ತೆಗೆದು ಹೊಸದನ್ನು ತುಂಬುವ ದಿನ ರೋಷನಬಿ ತವರಿನವರು ಬಂದಷ್ಟು ಸಡಗರದಿಂದ ಓಡಾಡುತ್ತಿದ್ದಳು. ತವರಿಗೆ ಹೋಗೋಣವೇ ಎಂದಾಗೆಲ್ಲ ದಸ್ತಗೀರಸಾಬ, "ಈ ನೂಲೊಂದು ಮುಗೀಲಿ," ಎನ್ನುತ್ತಿದ್ದ. ನೂಲು ಎಂದಾದರೂ ಮುಗಿಯುತ್ತದೆಯೇ? ಅವಳೂ ಕೇಳುವುದನ್ನು ಬಿಟ್ಟಳು.

ಈಗ ಎರಡು ತಿಂಗಳಿಂದ ಹಾವಸೆ ತುದಿಯಿಂದ ಬೆಳ್ಳಗಾಗುತ್ತ ಬಂದಿತ್ತು. ಅದಕ್ಕೇ ಇವತ್ತು ಅವನು ಕ್ಯಾನಿನ ನೀರಿನ ರುಚಿ ನೋಡಿದ್ದು.

"ಖರೆ ಹೇಳ್ತೇನ್ರಿ ಸಾಬರ," ಅಮಾತೆಪ್ಪ ಕೊನೆಗೆ ತಲೆ ಕೆರೆದುಕೊಂಡ. "ಯುಗಾದಿಯಿಂದ ಕಲ್ಲು ರೈಲಿಗೆ ಹಾಕಾಕತ್ತಾರ. ನಂದು ಬಾಗಲಕೋಟಿ ಸ್ಟೇಶನ್ನಿಗೇ ಮುಗೀತು. ಬೇವೂರ ಹತ್ರ ಒಂದು ಸವಳ ಬಾವಿ ಐತಿ, ಅದರ ನೀರಿಗೆ ಒಂದಿಷ್ಟು ಉಪ್ಪು ಕಲಸಿ ತಂದೆ. ಹೇಳಬೇಕಂತ ಬಂದಿದ್ದೆ. ಅಕ್ಕಾರು ಕ್ಯಾನಿನ ಮುಚ್ಚಳಾ ತಗದು ಮೂಸಿ ನೋಡಿ ನಕ್ರು. ಬಾಯೇ ಬರಲಿಲ್ಲ."

ಚಹಾ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ರೋಷನಬಿ, "ಅವಗ ಬೈಬ್ಯಾಡ್ರಿ. ನನಗ ಮೊದಲನೇ ಕ್ಯಾನಿಗೇ ಗೊತ್ತಾಗಿತ್ತು," ಎಂದಳು.

"ಗೊತ್ತಿದ್ದೂ ಸುಮ್ನಿದ್ದಿ?"

"ಹೇಳಿದ್ರ ತರೂದ ಬಿಡತಿದ್ದ."

ಮೂವತ್ತು ವರ್ಷ ಉಪ್ಪು ನೆಕ್ಕಿದ ಈ ನಾಲಿಗೆಗೆ ಮನೆಯವಳ ಬಾಯಾರಿಕೆ ತಿಳಿಯಲಿಲ್ಲವಲ್ಲ ಎಂದು ದಸ್ತಗೀರಸಾಬನಿಗೆ ತನ್ನ ಮೇಲೆಯೇ ಸಿಟ್ಟು ಬಂತು. "ನೂಲು ಮಣ್ಣಾಗ ಹೋಗ್ಲಿ," ಎಂದ. "ನಡಿ, ನಾಳಿಗೇ ಹೋಗೂಣು. ನೀನ ನಿನ್ನ ಕೈಯಾರೆ ನೀರ ತುಂಬಕೋ."

ಅವಳು ಕುಣಿದಾಳೆಂದುಕೊಂಡಿದ್ದ. ಅವಳು ಚಹಾದ ಕಪ್ಪು ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟಳು.

"ಬ್ಯಾಡ್ರಿ. ನನಗ ಅಂಜಿಕಿ ಬರ್ತೈತಿ."

"ಎದರ ಅಂಜಿಕಿ?"

"ನೋಡಿದೆ ಅಂದ್ರ ತಿರುಗಿ ಬರಾಕ ಕಾಲು ಏಳತಾವೋ ಇಲ್ಲೋ. ಅದಕ್ಕ ಈ ಪೆಟ್ಟಿಗ್ಯಾಗ ಇಷ್ಟ ಇಷ್ಟ ಸಮುದ್ರ ಇಟಕೊಂಡು ಇದ್ದೆ."

ಅಮಾತೆಪ್ಪ ಚಹಾ ಕುಡಿಯದೆ ಹೊರಟುಹೋದ. ದಸ್ತಗೀರಸಾಬ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದ. ಆ ಪೆಟ್ಟಿಗೆ ಅವಳನ್ನು ತವರಿನ ಕಡೆ ಎಳೆಯುತ್ತದೆಂದು ಇಷ್ಟು ವರ್ಷ ಒಳಗೊಳಗೇ ಅದರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದ. ಈಗ ನೋಡಿದರೆ ಅದೇ ಅವಳನ್ನು ಇಲ್ಲಿ ಹಿಡಿದಿಟ್ಟಿತ್ತು. ಹೋಗುವುದು ಬೇಡ ಎಂದರೆ ಅವಳು ಈಗಲೂ ಒಪ್ಪುತ್ತಾಳೆ. ಬಾವಿ ನೀರನ್ನೇ ಸಮುದ್ರ ಎಂದುಕೊಂಡು ಬಾಳುತ್ತಾಳೆ. ಅದನ್ನು ನೆನೆದೇ ಅವನಿಗೆ ನಾಚಿಕೆಯಾಯಿತು.

"ನಾಳೆ ಎಂಟು ಗಂಟೆ ಬಸ್ಸು," ಎಂದು ಎದ್ದ.

ಬೆಳಿಗ್ಗೆ ಅವಳು ಗಂಟು ಕಟ್ಟುವುದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ. ಎರಡು ಸೀರೆ, ನಾಲ್ಕು ರೊಟ್ಟಿ, ಶೇಂಗಾ ಹಿಂಡಿ. ಆಮೇಲೆ ಗಾಜಿನ ಪೆಟ್ಟಿಗೆಗೆ ಕೈಹಾಕಿ, ಉಳಿದಿದ್ದ ಹಸಿರನ್ನು ಕಲ್ಲಿನ ಸಮೇತ ಎತ್ತಿ ಹಾಲಿನ ಡಬ್ಬಿಗೆ ಇಳಿಸತೊಡಗಿದಳು.

"ಅದು ಇಲ್ಲೇ ಇರ್ಲಿ ಬಿಡ, ನೀರ ತಂದು ಹಾಕಿದ್ರಾತು," ಎಂದ.

"ಅಲ್ಲೀತನಾ ಅದು ತಡೀಬೇಕಲ್ರಿ," ಎಂದು ಅವಳು ಮುಚ್ಚಳ ಒತ್ತಿದಳು.

ಬಸ್‌ಸ್ಟ್ಯಾಂಡಿನಲ್ಲಿ ಅಮಾತೆಪ್ಪ ಕಾಯುತ್ತಿದ್ದ. ತೊಳೆದ ಖಾಲಿ ಕ್ಯಾನನ್ನು ತಾನೇ ಬಸ್ಸಿನೊಳಗೆ ಇಟ್ಟ. ಹುಬ್ಬಳ್ಳಿ ಬಸ್ಸು ಗುರುಗುಟ್ಟತೊಡಗಿದಾಗ ಕಿಟಕಿಯ ಕೆಳಗೆ ನಿಂತು, "ಯಾವಾಗ ಬರ್ತೀರಿ ಸಾಬರ?" ಎಂದು ಕೇಳಿದ.

"ಸೋಮವಾರ ಬರ್ತೇನಿ," ಎಂದ ದಸ್ತಗೀರಸಾಬ.

ಬರ್ತೇವಿ ಎನ್ನಬೇಕಿತ್ತು. ಪಕ್ಕದಲ್ಲಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ರೋಷನಬಿಗೂ ಅದು ಕೇಳಿಸಿತು. ಅವಳು ತಿದ್ದಲಿಲ್ಲ.