ಲಿಫ್ಟಿನ ವಾರದ ರಜೆ

ಮಂಗಳವಾರ ಲಿಫ್ಟಿಗೆ ವಾರದ ರಜೆ. ಅವತ್ತೇ ಒಂಬತ್ತನೇ ಮಹಡಿಯಲ್ಲಿ ಜೆಸಿಂತಾಳ ಎಲ್‌ಎಲ್‌ಎಂ ವೈವಾ; ಕಾಲಿಗೆ ಬೇರೆ ಪ್ಲಾಸ್ಟರ್. ರಜೆಯಲ್ಲಿರುವ ಯಂತ್ರವನ್ನು ಕೆಲಸಕ್ಕೆ ಕರೆಯುವುದೇ ತಪ್ಪೆಂದು ನಾಲ್ಕು ದೇಶಗಳ ಕಾರ್ಮಿಕ ಕಾನೂನು ಹೋಲಿಸಿ ಪ್ರಬಂಧ ಬರೆದವಳು ಅವಳೇ. ಈಗ ಯಾವ ಮುಖ ಇಟ್ಟುಕೊಂಡು ಗುಂಡಿ ಒತ್ತುವುದು? ಊರುಗೋಲು ಊರಿಕೊಂಡು ಮೆಟ್ಟಿಲ ಕಡೆ ತಿರುಗಿದಳು.

“ಎಲ್ಲಿಗೆ ಹೊರಟ್ರಿ?” ಲಿಫ್ಟು ಆಕಳಿಸುತ್ತಾ ಕೇಳಿತು.

“ವೈವಾಗೆ. ನೀವು ಮಲ್ಕೊಳ್ಳಿ. ನಿಮ್ಮ ರಜೆ ಬಗ್ಗೆನೇ ವಾದ ಮಾಡೋಕಿದೆ.”

ಬಾಗಿಲು ಮೆಲ್ಲಗೆ ತೆರೆಯಿತು.

“ಹಾಗಾದ್ರೆ ನಾನೂ ಕೇಳೋಕೆ ಹೋಗ್ತೀನಿ. ಬರೋದಾದ್ರೆ ಬನ್ನಿ.”

ಪರೀಕ್ಷಕರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಾಗ ಜೆಸಿಂತಾ ಆರಾಮಾಗಿ ಕುಳಿತಿದ್ದಳು. ಹಿಂದೆ ಲಿಫ್ಟು ಬಾಗಿಲು ತೆರೆದುಕೊಂಡು ನಿಂತಿತ್ತು.

“ಇವತ್ತು ನಿಂಗೆ ರಜೆ ಅಲ್ವೇನಯ್ಯಾ?” ಎಂದರು ಪರೀಕ್ಷಕರು.

“ಹೌದು ಸಾರ್. ಅದಕ್ಕೇ ನನಗಿಷ್ಟ ಬಂದವರ ಜೊತೆ ತಿರುಗಾಡ್ತಿದ್ದೀನಿ.”