ಅಕ್ಕಿ ಡಬ್ಬಿಯಲ್ಲಿ ಗಡಿಯಾರ

ಪ್ರಭುದೇವ ಈಜುಕೊಳದ ನೀರಿನಿಂದ ಕೈ ಎತ್ತಿದಾಗ ಗಡಿಯಾರದ ಗಾಜಿನ ಒಳಗೆ ಮಂಜು ಕಟ್ಟಿತ್ತು. ಮುಳ್ಳುಗಳು ನಿಂತುಹೋಗಿದ್ದವು. ಅಪ್ಪ ಮಹಾಂತಪ್ಪ ವಾಯುಪಡೆಯಲ್ಲಿದ್ದಾಗ ಕೊಂಡು, ಸಾಯುವವರೆಗೂ ಕಟ್ಟಿದ್ದ ದುಬಾರಿ ಸ್ವಿಸ್ ಗಡಿಯಾರ ಅದು. ಹಿಂಬದಿಯಲ್ಲಿ ವಾಟರ್‌ಪ್ರೂಫ್ ಎಂದು ಕೆತ್ತಿದ್ದನ್ನು ನಂಬಿ, ಕಟ್ಟಿಕೊಂಡೇ ನೀರಿಗೆ ಇಳಿದಿದ್ದ.

ಮನೀಶ್ ನಗರ ಬಡಾವಣೆಯ ಬಿಸಿಲಿಗೆ ಮನೆ ಮುಟ್ಟುವಷ್ಟರಲ್ಲಿ ಅವನ ಮೈ ಒಣಗಿತು; ಮಂಜು ಮಾತ್ರ ಆರಲಿಲ್ಲ. ಅಡುಗೆಮನೆಗೆ ನುಗ್ಗಿ ಅಕ್ಕಿ ಡಬ್ಬಿ ತೆರೆದ. "ಮೊಬೈಲ್ ತೊಯ್ದಾಗ ಹಿಂಗ ಮಾಡಿದ್ವಲ್ಲಾ ಅವ್ವಾ. ನೀರೆಲ್ಲಾ ಬರೋಬರ್ ಎಳ್ಕೊಂತೈತಿ."

ನೀಲಗಂಗಮ್ಮ ಸೊಪ್ಪು ಸೋಸುವುದನ್ನು ಬಿಟ್ಟು ಹತ್ತಿರ ಬಂದಳು. ಅವನು ಗಡಿಯಾರವನ್ನು ಅಂಗಾತ ಮಲಗಿಸಿ, ಸುತ್ತ ಅಕ್ಕಿ ಒತ್ತಿದ. ಗಾಜೊಂದೇ ಮೇಲೆ ಉಳಿಯಿತು. ಆಗ ಇಬ್ಬರೂ ಅದನ್ನು ಕಂಡರು. ಮಂಜು ತೆಳುವಾಗಿ ಗಾಜು ತಿಳಿಯಾಗುತ್ತಿತ್ತು, ಮತ್ತೆ ನಿಧಾನವಾಗಿ ಬೆಳ್ಳಗಾಗುತ್ತಿತ್ತು. ಮೂಗಿನ ಮುಂದೆ ಹಿಡಿದ ಕನ್ನಡಿಯ ಹಾಗೆ. ಪ್ರಭುದೇವ ಫ್ಯಾನ್ ಆರಿಸಿದ. ಮಂಜು ಬಂದು ಹೋಗುವುದು ನಿಲ್ಲಲಿಲ್ಲ. ಮುಚ್ಚಿಬಿಟ್ಟರೆ ಸಾಕು ಎನಿಸಿ, ಇನ್ನೊಂದು ಹಿಡಿ ಅಕ್ಕಿ ತೆಗೆದ.

ಅವ್ವ ಅವನ ಮುಂಗೈ ಹಿಡಿದಳು. ಆ ಸೆಖೆಯಲ್ಲೂ ಅವಳ ಅಂಗೈ ತಣ್ಣಗಿತ್ತು.

"ಮುಚ್ಚಬ್ಯಾಡೋ," ಎಂದಳು, ಮಲಗಿದವರು ಎದ್ದಾರು ಎಂಬಷ್ಟು ಮೆಲ್ಲಗೆ. "ನಿಮ್ಮಪ್ಪನ ಮ್ಯಾಲೆ ಮಣ್ಣು ಎಳಿಯೂ ಮುಂದನೂ ನಾ ಹಿಂಗ ಬೇಡ್ಕೊಂಡಿದ್ದೆ, ಇನ್ನೊಮ್ಮೆ ಮೂಗಿನ ಹತ್ರ ಕೈ ಹಿಡಿದು ನೋಡ್ರಿ ಅಂತ. ಬಿಸಿಲು ಭಾಳ ಐತಿ, ಜಲ್ದಿ ಮಾಡ್ರಿ ಅಂದಾಂವ ನೀನ."