ಗಾಳಿ ತುಂಬುವವರು

ಸುನಂದಮ್ಮ ಹಾಲು ಕರೆದುಕೊಂಡು ಒಳಗೆ ಬರುವಷ್ಟರಲ್ಲಿ ಸೊಸೆ ರಮ್ಯಾ ಪಂಪಿನ ಮೇಲೆ ನಿಂತಿದ್ದಳು. ವೇಲನ್ನು ಸೊಂಟಕ್ಕೆ ಬಿಗಿದು, ಪಂಪಿನ ಕಬ್ಬಿಣದ ಕಾಲುಗಳ ಮೇಲೆ ಎರಡೂ ಪಾದ ಊರಿ, ಹಿಡಿಯನ್ನು ಎದೆಯವರೆಗೆ ಎತ್ತಿ ಮೈಭಾರ ಹಾಕಿ ಒತ್ತುತ್ತಿದ್ದಳು. ಪಂಪಿನ ಸಣ್ಣ ಕೊಳವೆ ಚಾಪೆಯ ಮೇಲಿದ್ದ, ಮಗ ತೇಜಸ್‌ನ ಏರ್ ರೈಫಲ್ಲಿನ ಗಾಳಿ ಟ್ಯಾಂಕಿಗೆ ಸೇರಿತ್ತು.

"ಯಾರು ಹೇಳಿದ್ರು ನಿಂಗೆ ಇದ ಮುಟ್ಟು ಅಂತ?"

"ಅವರೇ ಅತ್ತೆ. ಹನ್ನೊಂದಕ್ಕೆಲ್ಲ ಮೈಸೂರಲ್ಲಿ ಇರ್ಬೇಕಲ್ಲ, ಇವತ್ತು ಸೆಲೆಕ್ಷನ್ನು. ಸ್ನಾನ ಮಾಡಿ ಬರೋದ್ರೊಳಗೆ ತುಂಬ್ಸಿಡು ಅಂದ್ರು."

ಅವರೇ. ಸುನಂದಮ್ಮ ಹಾಲಿನ ಪಾತ್ರೆ ಹಿಡಿದುಕೊಂಡೇ ನಿಂತಳು. ಆರು ವರ್ಷದಿಂದ ಈ ಮನೆಯಲ್ಲಿ ಆ ಪಂಪನ್ನು ಒತ್ತುತ್ತಿದ್ದವಳು ಆಕೆ ಒಬ್ಬಳೇ. ಗುರಿ ಹೊಡೆಯುವ ದಿನ ಹೊಡೆಯುವವನೇ ಪಂಪು ಒತ್ತಿದರೆ ತೋಳು ನಡುಗುತ್ತದೆ, ಗುಂಡು ಕೂದಲೆಳೆಯಷ್ಟು ಆಚೆ ಹೋಗುತ್ತದೆ ಎಂದು ಕೋಚು ಮೊದಲ ದಿನವೇ ಹೇಳಿದ್ದರು. ಅಂದಿನಿಂದ ಮಗನ ಕೈ ಪಂಪಿಗೆ ತಾಗದಂತೆ ನೋಡಿಕೊಂಡಿದ್ದಳು. ಗೋಡೆಯ ಮೇಲಿನ ಪದಕಗಳನ್ನು ಬಂದವರು ಹೊಗಳುವಾಗ ಕಾಫಿ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ರೈಫಲ್ಲಿನ ಒಳಗಿನ ಗಾಳಿ ತನ್ನದೆಂದು ಬಾಯಿಬಿಟ್ಟು ಹೇಳಿಕೊಂಡವಳಲ್ಲ. ಈಗ ನೋಡಿದರೆ, ತಾನು ಸಾಕಿದ ಹಸುವಿನ ಕೆಳಗೆ ಬೇರೆ ಯಾರೋ ಕೂತು ಕರೆದಂತೆ, ಹಸುವೂ ಸುಮ್ಮನೆ ನಿಂತು ಹಾಲು ಸೊರೆಬಿಟ್ಟಂತೆ ಆಯಿತು.

ರಮ್ಯಾ ಬಿರಬಿರನೆ ಒತ್ತುತ್ತಿದ್ದಳು. ಸುನಂದಮ್ಮ ಮನಸ್ಸಿನಲ್ಲೇ ಎಣಿಸಿದಳು. ಐವತ್ತು ಒತ್ತಿದ ಮೇಲೆ ನಿಲ್ಲಿಸಬೇಕು, ಪಂಪಿನ ಬಿಸಿ ಆರಬೇಕು. ಐವತ್ತು ದಾಟಿತು. ಆಕೆ ಸುಮ್ಮನಿದ್ದಳು. ಅರವತ್ತಾಯಿತು. ಎಪ್ಪತ್ತಕ್ಕೆ ಬಾಯಿ ಬಿಟ್ಟಳು.

"ನಿಲ್ಸು. ವಾಷರ್ ಸುಟ್ಟೋಯ್ತದೆ. ಇದೇನು ಸೈಕಲ್ ಟೈರು ಅನ್ಕೊಂಡ್ಯಾ?"

ರಮ್ಯಾ ಕೊಳವೆಯನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ಬೆರಳಿಗೆ ಊದಿಕೊಳ್ಳುತ್ತಾ, "ಮೊದ್ಲೇ ಹೇಳ್ಬಾರ್ದಾಗಿತ್ತಾ ಅತ್ತೆ?" ಎಂದಳು.

"ನನ್ ಕೇಳ್ಕೊಂಡು ಶುರು ಮಾಡಿದ್ಯಾ? ಸರಿ ಅತ್ಲಾಗೆ." ಸುನಂದಮ್ಮ ಪಾತ್ರೆಯನ್ನು ನೆಲಕ್ಕಿಟ್ಟಳು. "ನೀನು ಬರೋ ಗಂಟ ಅವನ ಕೈ ಒಂದಿನ ನಡುಗಿದ್ದಿಲ್ಲ ಕಣವ್ವ. ಮದ್ವೆ ಆಗಿ ನಾಕು ತಿಂಗ್ಳು, ಎರಡು ಮ್ಯಾಚು ಕಳ್ಕೊಂಡ. ನಾನೇನೂ ಅಂದಿಲ್ಲ, ನೋಡ್ತಾ ಅವ್ನಿ ಅಷ್ಟೇಯ."

ರಮ್ಯಾಳ ಮುಖ ಕೆಂಪಾಯಿತು. ಬಚ್ಚಲಮನೆಯ ಬಾಗಿಲ ಕಡೆ ನೋಡಿದಳು. ಒಳಗೆ ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ದನಿ ತಗ್ಗಿಸಿದಳು.

"ಮದ್ವೆ ಹೊತ್ತಲ್ಲಿ ನಿಮ್ಗೆ ಟೈಫಾಯ್ಡ್ ಬಂದು ಎದ್ದ ಮೇಲೆ ಪಂಪಿನ ಗೇಜ್ ಮುಳ್ಳು ಎಷ್ಟಕ್ಕೆ ಬಂದಾಗ ನಿಲ್ಲಿಸ್ತಿದ್ರಿ ನೀವು?"

"ನೂರೈವತ್ತಕ್ಕೆ. ಈಗ ಅಷ್ಟು ಸಾಕು ಬುಡವ್ವ ಅಂತ ಅವನೇ ಅಂದಿದ್ದು."

"ಸಾಕಾಗಲ್ಲ ಅತ್ತೆ. ಇನ್ನೂರಿಲ್ದಿದ್ರೆ ಕಡೇ ಗುಂಡುಗಳು ಕೆಳಕ್ಕೆ ಬೀಳ್ತವೆ. ಈ ಪಂಪನ್ನ ಕಾರಲ್ಲಿ ಇಟ್ಕೊಂಡು ಹೋಗೋದ್ಯಾಕೆ ಅನ್ಕೊಂಡ್ರಿ? ಮಿಕ್ಕಿದ್ದ ಮ್ಯಾಚಿನ ಜಾಗದಲ್ಲಿ ಮರದ ಕೆಳಗೆ ನಿಂತು ಅವರೇ ಒತ್ಕೊತಾರೆ. ಹೋದ್ಸಲ ನಾನು ಕಣ್ಣಾರೆ ನೋಡ್ದೆ. ಆಮೇಲೆ ರೈಫಲ್ ಎತ್ತಿದ್ರೆ ತೋಳು ನಿಲ್ತಾನೇ ಇರ್ಲಿಲ್ಲ. ನಾನು ಒತ್ತಿಕೊಡ್ತೀನಿ ಅಂದ್ರೆ, ಬೇಡ, ಅವ್ವಂಗೆ ಗೊತ್ತಾದ್ರೆ ನೊಂದ್ಕೊತಾಳೆ ಅಂದ್ರು. ಇವತ್ತು ನಾನೇ ಹಟ ಮಾಡಿ ಒಪ್ಪಿಸ್ದೆ. ನಿಮ್ಗೆ ಹೇಳ್ಬಾರ್ದು ಅಂತ ಆಣೆ ಬೇರೆ ಹಾಕ್ಸವ್ರೆ."

ಸುನಂದಮ್ಮ ಪಂಪು ಆರುವವರೆಗೆ ಗೋಡೆಗೆ ಒರಗಿ ನಿಂತಿದ್ದು, ಆಮೇಲೆ ಮುಂದೆ ಬಂದು ಸೆರಗು ಸಿಕ್ಕಿಸಿ ಹತ್ತಿ ನಿಂತಳು. ಎತ್ತುವಾಗ ಬಳೆಗಳು ಮೊಣಕೈವರೆಗೆ ಜಾರಿದವು. ಸೊಸೆಯಂತೆ ಅವಸರ ಮಾಡಲಿಲ್ಲ. ಹಿಡಿ ತಳ ಮುಟ್ಟಿದಾಗ ಒಂದು ಉಸಿರು ತಡೆದು ಮತ್ತೆ ಎತ್ತುತ್ತಿದ್ದಳು. ಮುಳ್ಳು ನೂರಿಪ್ಪತ್ತಕ್ಕೆ ಬಂತು. ನೂರಮೂವತ್ತು. ನೂರೈವತ್ತಕ್ಕೆ ಹಿಡಿ ಅರ್ಧದಲ್ಲೇ ನಿಂತಿತು. ಹೊಟ್ಟೆ ಆನಿಸಿ ಅದರ ಮೇಲೆ ಬಿದ್ದಳು. ಹಿಮ್ಮಡಿ ಮೇಲೆದ್ದು, ಇಡೀ ಮೈ ಹಿಡಿಯ ಮೇಲೆ ತೂಗಿತು. ಹಿಡಿ ಕೆಳಗಿಳಿಯಲಿಲ್ಲ. ರಮ್ಯಾ ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತಳು.

ಬಚ್ಚಲಲ್ಲಿ ನೀರಿನ ಸದ್ದು ನಿಂತಿತು.

"ರಮ್ಯಾ, ಆಯ್ತಾ?" ಒಳಗಿನಿಂದ ತೇಜಸ್ ಕೂಗಿದ.

"ಇನ್ನೂ ಇಲ್ಲ ಕಣಪ್ಪ," ಎಂದು ಸುನಂದಮ್ಮನೇ ಕೂಗಿ ಹೇಳಿದಳು.

ಆಕೆ ಪಂಪಿನಿಂದ ಇಳಿದಳು. ಮುಖದ ಬೆವರನ್ನು ಸೆರಗಿನಲ್ಲಿ ಒರೆಸಿಕೊಂಡು, ಹಿಡಿಯನ್ನು ಮಾತ್ರ ಬಿಡದೆ, ಸೊಸೆಯ ಕಡೆ ತಿರುಗಿದಳು.

"ಬಾ, ನಿಂತ್ಕೊ. ಆದ್ರೆ ಒಂದು ಮಾತು. ಯಾವತ್ತಿದ್ರೂ ನೂರೈವತ್ತರ ಗಂಟ ನಂದು. ಮಿಕ್ಕಿದ್ದು ಮಾತ್ರ ನಿಂದು."